ತಿದ್ದಿದ ಹೆಬ್ಬೆರಳು

ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಉಳಿದ ನಾಲ್ಕು ಬೆರಳನ್ನು ಅದರ ಮೇಲೆ ಮುಚ್ಚಿಕೊಂಡು ಕೂರುವುದು ಪಿರೋಶ್ಕಾಳಿಗೆ ಎಷ್ಟು ವರ್ಷದ ಅಭ್ಯಾಸವೋ ಅವಳಿಗೇ ತಿಳಿಯದು. ಬಸ್ಸಿನಲ್ಲಿ ಹಾಗೆ, ಚರ್ಚಿನಲ್ಲಿ ಹಾಗೆ, ಈಗ ಬುಡಾಪೆಸ್ಟಿನ ಈ ಡಿಸೈನ್ ವಿಶ್ವವಿದ್ಯಾಲಯದ ಅಂಗಳದಲ್ಲಿ, ಏಪ್ರಿಲ್ ತಿಂಗಳ ತೆಳ್ಳನೆಯ ಬಿಸಿಲಿನಲ್ಲಿ, ಬೆನ್ನಾನಿಸಲು ಏನೂ ಇಲ್ಲದ ಕಾಂಕ್ರೀಟಿನ ಬೆಂಚಿನ ಮೇಲೂ ಹಾಗೆಯೇ ಕೂತಿದ್ದಳು. ಪಕ್ಕದಲ್ಲಿ ಮಗಳು ಚೆಂಗೆ, ಹದಿನೆಂಟು ತುಂಬಿ ಎರಡು ತಿಂಗಳಾದವಳು, ಎದೆಯ ಮೇಲೆ 214 ಎಂಬ ಚೀಟಿ ಅಂಟಿಸಿಕೊಂಡು, ಕಿವಿಗೆ ವೈರು ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದಳು. ಯೋಗ್ಯತಾ ಪರೀಕ್ಷೆಯ ಮೂರನೆಯ ಸುತ್ತು ಇಂದು. ಮೊದಲ ಸುತ್ತಿಗೆ ಮನೆಯಲ್ಲಿ ಬರೆದ ಹನ್ನೆರಡು ಚಿತ್ರಗಳ ಕಡತ ಕಳಿಸಬೇಕಿತ್ತು, ಕಳಿಸಿದ್ದರು. ಎರಡನೆಯದಕ್ಕೆ ಎರಡು ವಾರದ ಹಿಂದೆ ಇಲ್ಲಿಗೇ ಕರೆಸಿ, ಒಂದು ರಟ್ಟು, ಒಂದು ಮೀಟರು ದಾರ ಕೊಟ್ಟು, ಒಂದೇ ಕೈ ಇರುವವನು ಆರು ಮೊಟ್ಟೆ ಒಯ್ಯಲು ಏನಾದರೂ ಮಾಡಿ ಎಂದಿದ್ದರು. ಮಾಡಿದ್ದಳು. ಈಗ ಉಳಿದದ್ದು ಮಾತು. ಒಬ್ಬೊಬ್ಬರನ್ನೇ ಒಳಗೆ ಕರೆದು, ಕಡತ ಬಿಚ್ಚಿಟ್ಟು, ಇದೇನು, ಇದು ಯಾಕೆ ಹೀಗೆ ಎಂದು ಕೇಳುತ್ತಾರೆ. ಉಳಿದ ಅರವತ್ತು ಜನರನ್ನು ನಾಲ್ಕು ದಿನದಿಂದ ಕರೆಯುತ್ತಿದ್ದಾರೆ, ಇಂದು ಕೊನೆಯ ದಿನ, ಸೀಟು ಹದಿನೆಂಟು. ಸಂಜೆ ಐದೂವರೆಗೆ ಗಾಜಿನ ಪೆಟ್ಟಿಗೆಯಲ್ಲಿ ಪಟ್ಟಿ ಹಾಕುತ್ತಾರಂತೆ. ನಂಬರಿನ ಎದುರು ಎರಡೇ ಮಾತು: ಯೋಗ್ಯ, ಇಲ್ಲವೇ ಯೋಗ್ಯವಲ್ಲ. ನಡುವೆ ಏನೂ ಇಲ್ಲ.

ಕಡತ ಬಿಚ್ಚಿಡುತ್ತಾರೆ. ಅಷ್ಟೇ ಮಾತು ಬೆಳಿಗ್ಗೆಯಿಂದ ಪಿರೋಶ್ಕಾಳ ತಲೆಯಲ್ಲಿ ಸುತ್ತುತ್ತಿತ್ತು. ಪೇಚ್ ಊರಿನಿಂದ ಹೊರಟ ರೈಲಿನಲ್ಲಿ ಮೂರು ಗಂಟೆ ಕಾಲ ಕಿಟಕಿಯಾಚೆ ಹೊಲಗಳು ಹಿಂದಕ್ಕೆ ಓಡುವಾಗ ಅವಳು ಹನ್ನೆರಡು ಚಿತ್ರಗಳನ್ನೂ ಮನಸ್ಸಿನಲ್ಲೇ ಒಂದೊಂದಾಗಿ ಮಗುಚಿ ನೋಡಿದ್ದಳು. ಹನ್ನೊಂದರ ಮೇಲೆ ಮನಸ್ಸು ಸಲೀಸಾಗಿ ಜಾರುತ್ತಿತ್ತು. ಒಂಬತ್ತನೆಯದು ಬಂದ ಕೂಡಲೇ ಹೊಲಿಗೆಯಲ್ಲಿ ಸೂಜಿ ಗಂಟಿಗೆ ಸಿಕ್ಕಿಕೊಂಡಂತೆ ನಿಂತುಬಿಡುತ್ತಿತ್ತು. 'ದಿನಾ ಕಣ್ಣಿಗೆ ಬಿದ್ದರೂ ನೀನು ನೋಡದಿರುವುದು' ಎಂಬುದು ಆ ಚಿತ್ರಕ್ಕೆ ಕೊಟ್ಟ ವಿಷಯ. ಚೆಂಗೆ ತಾಯಿಯ ಕೈಗಳನ್ನು ಬರೆದಿದ್ದಳು. ಹೊಲಿಗೆ ಯಂತ್ರದ ಹಲಗೆಯ ಮೇಲೆ, ಅರ್ಧ ಹೊಲಿದ ಕೈಗವಸನ್ನು ಹಿಡಿದ ಎರಡು ಕೈ. ಜನವರಿಯ ಒಂದು ಮುಂಜಾನೆ, ಐದಕ್ಕೆ ಕಾಲು ಗಂಟೆ ಇರುವಾಗ, ಕಾಫಿ ಕಾಯಿಸಲು ಅಡಿಗೆಮನೆಗೆ ಬಂದ ಪಿರೋಶ್ಕಾ ಮೇಜಿನ ಮೇಲೆ ತೆಳುಗಾಗದ ಹೊದಿಸಿಟ್ಟ ಆ ಹಾಳೆಯನ್ನು ಕಂಡಳು. ಅದೇ ದಿನ ಅಂಚೆಗೆ ಹಾಕಬೇಕಿತ್ತು. ಮಗಳು ಹಿಂದಿನ ಸಂಜೆ ಮುಗಿಸಿ ಮಲಗಿದ್ದಳು. ತೆಳುಗಾಗದ ಎತ್ತಿ ನೋಡಿದಾಗ ಮೊದಲು ಎದೆ ತುಂಬಿತು, ಮರುಗಳಿಗೆ ಕಣ್ಣು ಬಲಗೈಯ ಹೆಬ್ಬೆರಳಿಗೆ ಹೋಗಿ ಅಲ್ಲೇ ಕಚ್ಚಿಕೊಂಡಿತು. ತಪ್ಪಾಗಿತ್ತು. ಎಷ್ಟು ತಪ್ಪೆಂದರೆ ನೋಡಲಾಗುತ್ತಿರಲಿಲ್ಲ.

ಇಪ್ಪತ್ತಾರು ವರ್ಷ ಕೈಗವಸು ಹೊಲಿದವಳು ಅವಳು. ನಾಲ್ಕು ಬೆರಳು ಒಂದೇ ಚರ್ಮದಲ್ಲಿ ಹುಟ್ಟುತ್ತವೆ. ಹೆಬ್ಬೆರಳು ಮಾತ್ರ ಬೇರೆ. ಅದನ್ನು ಬೇರೆಯಾಗಿ ಕತ್ತರಿಸಿ, ಅಂಗೈಯಲ್ಲೊಂದು ಕಂಡಿ ಕೊಯ್ದು, ಅಲ್ಲಿಗೆ ಕೂಡಿಸಬೇಕು. ಕೈಗವಸು ಕೆಟ್ಟರೆ ಹೆಬ್ಬೆರಳಲ್ಲಿ ಕೆಡುತ್ತದೆ, ಎಂದು ಕೆಲಸ ಕಲಿಸಿದ ಮುದುಕ ಮೇಸ್ತ್ರಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ, ಹೇಳುವಾಗ ಅವಳ ಕೈಯನ್ನೇ ಹಿಡಿದು ತೋರಿಸುತ್ತಿದ್ದ, ಆಗಿನ್ನೂ ಅವಳ ಕೈ ಹತ್ತೊಂಬತ್ತರ ಹುಡುಗಿಯ ಕೈಯಾಗಿತ್ತು. ಮಗಳ ಬಣ್ಣದ ಪೆಟ್ಟಿಗೆ ಅಲ್ಲೇ ತೆರೆದಿತ್ತು. ಮೆತ್ತನೆಯ ಅಳಿಸುವ ರಬ್ಬರನ್ನು ಬೆರಳಲ್ಲಿ ನಾದುತ್ತಾ, ಮುಟ್ಟಿ ನೋಡುವುದಷ್ಟೇ ಅಂದುಕೊಂಡಳು. ಆಮೇಲೆ ಬುಡದಲ್ಲಿ ಒಂದಿಷ್ಟು ಮಾತ್ರ. ಆಮೇಲೆ ಇಡೀ ಹೆಬ್ಬೆರಳೇ ಹೋಯಿತು. ಬೆಳ್ಳಗಿನ ಜಾಗದ ಮುಂದೆ ಪೆನ್ಸಿಲ್ ಹಿಡಿದು ಕೂತಾಗ ಕೈ ನಡುಗಲಿಲ್ಲ, ಅದೇ ಅವಳನ್ನು ಇವತ್ತಿಗೂ ಹೆದರಿಸುತ್ತಿದ್ದ ಸಂಗತಿ. ಹನ್ನೆರಡು ನಿಮಿಷದಲ್ಲಿ ಹೆಬ್ಬೆರಳು ಬಂತು, ಉದ್ದಕ್ಕೆ, ನೇರಕ್ಕೆ, ಕೂಡಬೇಕಾದ ಕಡೆ ಸರಿಯಾಗಿ ಕೂಡಿ. ಆ ಹನ್ನೆರಡು ನಿಮಿಷ ಅವಳು ಎಷ್ಟೋ ವರ್ಷಗಳಿಂದ ಪಡದ ಸುಖ ಪಟ್ಟಿದ್ದಳು. ತೆಳುಗಾಗದ ಮತ್ತೆ ಹೊದಿಸಿ, ಕಾಫಿ ಕುಡಿಯದೆಯೇ ಬಸ್ಸಿಗೆ ಓಡಿದಳು. ಚೆಂಗೆ ಎದ್ದವಳು ಅವಸರದಲ್ಲಿ ಕಡತ ಕಟ್ಟಿ ಅಂಚೆಗೆ ಹಾಕಿ ಬಂದಳು. ಸಂಜೆ ಮನೆಯಲ್ಲಿ ಯಾರೂ ಏನೂ ಹೇಳಲಿಲ್ಲ. ಮಗಳು ನೋಡಿಲ್ಲ ಎಂದು ಗೊತ್ತಾದಾಗ ಹಗುರಾದದ್ದು ಮನಸ್ಸೋ, ಭಾರವಾದದ್ದು ಮನಸ್ಸೋ.

"ಪೊಗಾಚಾ ತಗೊಳ್ಳಿ ತಾಯಿ. ನನ್ನ ಹೆಂಡತಿ ಮೂವತ್ತು ಮಾಡಿ ಕಳಿಸಿದಾಳೆ, ಇಲ್ಲಿ ತಿನ್ನೋರೇ ಇಲ್ಲ."

ಎದುರು ಬೆಂಚಿನ ಗಂಡಸು ಪುಟ್ಟ ಪುಟ್ಟ ಉಪ್ಪು ಬನ್ನು ತುಂಬಿದ ಪ್ಲಾಸ್ಟಿಕ್ ಡಬ್ಬಿ ಚಾಚಿದ್ದ. ಹೆಸರು ವೆಂಡೆಲ್, ಸೆಗೆದ್ ಊರಿನವನು, ಕಾರು ಕಲಿಸುವ ಕೆಲಸ. ಅರ್ಧ ಗಂಟೆಯಲ್ಲಿ ತನ್ನ ಜಾತಕವನ್ನೆಲ್ಲ ಹೇಳಿ ಮುಗಿಸಿದ್ದ. ಮಗಳು ಬ್ಲಾಂಕಾಳಿಗೆ ಇದು ಮೂರನೆಯ ಸಲ. ಅವಳದು ಮುಗಿದಿತ್ತು, ಒಳಗಿನವರು ಈಗ ಊಟಕ್ಕೆ ಎದ್ದಿದ್ದರು. ಮಾತಾಡುವಾಗಲೆಲ್ಲ ವೆಂಡೆಲನ ಬಲಗಾಲು ತನಗೆ ತಾನೇ ಬ್ರೇಕ್ ಒತ್ತುತ್ತಿತ್ತು.

ಪಿರೋಶ್ಕಾ ಎಡಗೈಯಲ್ಲಿ ಒಂದು ತೆಗೆದುಕೊಂಡಳು. "ಒಳಗೆ ಏನು ಕೇಳ್ತಾರಂತೆ?"

"ಕೇಳೋದೇನು, ನೋಡೋದು. ಮನೆಯಿಂದ ಕಳಿಸಿದ ಚಿತ್ರ ಒಂದು ಕಡೆ, ಇಲ್ಲಿ ಮಾಡಿದ್ದು ಒಂದು ಕಡೆ, ಪಕ್ಕಪಕ್ಕ ಇಡ್ತಾರೆ. ಕೈ ಬೇರೆ ಅಂದ್ರೆ ಒಂದೇ ನಿಮಿಷ, ಗೊತ್ತಾಗಿಬಿಡತ್ತೆ. ಹೋದ ವರ್ಷ ಒಬ್ಬನ ಚಿತ್ರ ಅವನ ಸೋದರಮಾವ ಬರೆದಿದ್ದನಂತೆ. ಬಾಗಿಲು ತೋರಿಸಿದ್ರು. ಅಷ್ಟೇ ಅಲ್ಲ, ಹೆಸರು ಬೇರೆ ಬರ್ಕೊಂಡ್ರಂತೆ, ಇನ್ನು ಯಾವ ಕಾಲೇಜಿಗೂ ಸೇರೋಹಾಗಿಲ್ಲ. ನಿಜವೋ ಸುಳ್ಳೋ. ಆದ್ರೆ ನನ್ನನ್ನ ಕೇಳಿ, ನಾನು ಇಪ್ಪತ್ತು ವರ್ಷದಿಂದ ಪಕ್ಕದ ಸೀಟಲ್ಲಿ ಕೂತಿದೀನಿ. ಸ್ಟೀರಿಂಗಿಗೆ ಕೈ ಹಾಕಿದ ಮೇಷ್ಟ್ರು, ಹುಡುಗರಿಗೆ ಯಾವತ್ತೂ ಕಲಿಸಿಲ್ಲ." ಹೇಳಿ ತನ್ನ ಮಾತಿಗೆ ತಾನೇ ನಕ್ಕ. "ಯಾಕೆ ತಾಯಿ, ಗಂಟಲಲ್ಲಿ ಸಿಕ್ಕೊಂಡ್ತಾ? ನೀರು ಕುಡೀರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳ ಕೈ ಕತ್ತಿನ ಹತ್ತಿರ ಹೋಗಿತ್ತು. ನೀರು ಕುಡಿದಳು. ಚೆಂಗೆ ಕಣ್ಣು ತೆರೆದು ವೈರು ಕಿತ್ತು, "ಏನಾಯ್ತಮ್ಮ?" ಎಂದಳು. "ಏನಿಲ್ಲ, ಉಪ್ಪು ಜಾಸ್ತಿ" ಎಂದಳು ಪಿರೋಶ್ಕಾ, ಎಂದ ಕೂಡಲೇ ಡಬ್ಬಿ ಹಿಡಿದವನ ಮುಖ ನೋಡಿ ನಾಚಿ, "ಚೆನ್ನಾಗಿದೆ, ತುಂಬ ಚೆನ್ನಾಗಿದೆ" ಎಂದು ಇನ್ನೊಂದು ತೆಗೆದುಕೊಂಡಳು. ಮಗಳ ಕಣ್ಣಿನ ಸುತ್ತ ಕಪ್ಪು ಬಿದ್ದಿತ್ತು. ಈಗ ಹೇಳಿಬಿಟ್ಟರೆ? ಒಳಗೆ ಹೋಗುವ ಮೊದಲು ಒಂದು ಮಾತು ಕಿವಿಯಲ್ಲಿ ಹಾಕಿದರೆ ಹುಡುಗಿ ಉತ್ತರ ಸಿದ್ಧ ಮಾಡಿಕೊಳ್ಳಬಹುದು. ಆದರೆ ಹೇಳಿದರೆ ಈ ಮುಖ ಏನಾಗುತ್ತದೆ? ಮೊದಲ ಸುತ್ತಿನ ಪತ್ರ ಬಂದ ದಿನ ಈ ಹುಡುಗಿ ಅಡಿಗೆಮನೆಯಲ್ಲಿ ಸಾಕ್ಸಿನಲ್ಲೇ ಕುಣಿದಿದ್ದಳು. ಆಸ್ಟ್ರಿಯಾದಲ್ಲಿ ಟೈಲ್ಸ್ ಹಾಕುವ ಅಪ್ಪನಿಗೆ ಫೋನ್ ಹಚ್ಚಿ, "ಅಪ್ಪಾ, ಹನ್ನೆರಡೂ ನಾನೇ ಬರೆದಿದ್ದು, ಯಾವ ಮೇಷ್ಟ್ರೂ ಮುಟ್ಟಿಲ್ಲ" ಎಂದಿದ್ದಳು. ಪಿರೋಶ್ಕಾ ಒಲೆಯ ಕಡೆ ತಿರುಗಿ ಸಾರು ಕದಡುತ್ತಾ ನಿಂತಿದ್ದಳು, ತಳ ಹಿಡಿಯುವಂಥದ್ದೇನೂ ಅದರಲ್ಲಿರಲಿಲ್ಲ, ಆದರೂ.

"ನಾನು ಇಲ್ಲೇ ಹೋಗಿ ಬರ್ತೀನಿ" ಎಂದು ಎದ್ದಳು.

ಹೆಂಗಸರ ಶೌಚಾಲಯ ಕಾರಿಡಾರಿನ ಕೊನೆಗಿತ್ತು. ಕನ್ನಡಿಯ ಮುಂದೆ ನಿಂತು ಮುಖಕ್ಕೆ ನೀರು ಚಿಮುಕಿಸಿಕೊಂಡಳು. ಊರಲ್ಲಿ ಇಸ್ತ್ರಿ ಮಾಡುವಾಗ ಸರಿಯಾಗಿಯೇ ಕಂಡಿದ್ದ ಬೂದು ಅಂಗಿ ಇಲ್ಲಿ, ಈ ದೀಪದ ಕೆಳಗೆ, ಸಮವಸ್ತ್ರದ ಹಾಗೆ ಕಾಣುತ್ತಿತ್ತು. ಹಿಂದಿನ ಬಾಗಿಲು ಒಂದಿಷ್ಟು ತೆರೆದು ಹಸಿರು ಕೂದಲಿನ ಹುಡುಗಿಯೊಬ್ಬಳು ಇಣುಕಿದಳು. "ಆಂಟೀ, ಇಲ್ಲಿ ಪೇಪರ್ ಮುಗಿದಿದೆ. ಬೇಗ ತಂದ್ಕೊಡ್ತೀರಾ? ನನ್ನ ನಂಬರ್ ಬಂದ್ಬಿಡತ್ತೆ."

ಪಿರೋಶ್ಕಾ ತಿರುಗಿ ನೋಡಿದಳು. ಅಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಇಲ್ಲಿನ ಕೆಲಸದವಳಲ್ಲ, ನಾನೂ ನಿನ್ನಂಥವಳ ತಾಯಿ ಎಂದು ಹೇಳಲು ಬಾಯಿ ತೆರೆದಳು. "ತರ್ತೀನಿ" ಎಂದಿತು ಬಾಯಿ. ಹೊರಗೆ ಬಂದು, ತನ್ನ ಮೇಲೆ ತನಗೇ ಅಸಹ್ಯವಾಗುತ್ತಾ, ಆದರೂ ಆ ಹುಡುಗಿ ಕಾಯುತ್ತಿದ್ದಾಳೆಂದು ಅವಸರಪಡುತ್ತಾ, ಒಂದೊಂದೇ ಬಾಗಿಲು ತಳ್ಳಿ ನೋಡಿದಳು. ಮೂರನೆಯದು ಉಗ್ರಾಣ. ಕಪಾಟಿನ ತುಂಬ ರಟ್ಟು, ದಾರದ ಉಂಡೆ, ಅಂಟಿನ ಡಬ್ಬಿ. ಕಿಟಕಿಯ ಕಟ್ಟೆಗೆ ಒರಗಿ, ಅಂಟಿನ ಕಲೆಗಳ ನೀಲಿ ಕೋಟು ತೊಟ್ಟ, ಬಿಳಿಗೂದಲನ್ನು ಗಂಡಸರ ಹಾಗೆ ಕತ್ತರಿಸಿಕೊಂಡ ಹೆಂಗಸೊಬ್ಬಳು ಹೊಗೆಯನ್ನು ಹೊರಕ್ಕೆ ಬಿಡುತ್ತಿದ್ದಳು. ಸೊಂಟದಲ್ಲಿ ಬೀಗದ ಕೈ ಗೊಂಚಲು.

"ಏನು ಬೇಕಿತ್ತು?"

"ಹೆಂಗಸರ ಕಡೆ ಪೇಪರ್ ಮುಗಿದಿದೆ. ಒಳಗೆ ಒಂದು ಹುಡುಗಿ ಕಾಯ್ತಾ ಇದೆ."

"ನೀವು ಕೆಲಸಕ್ಕೆ ಹೊಸಬ್ರಾ?"

"ಇಲ್ಲ. ನನ್ನ ಮಗಳು ಪರೀಕ್ಷೆಗೆ ಬಂದಿದಾಳೆ."

"ಮತ್ತೆ ಪೇಪರ್ ನೀವ್ಯಾಕೆ ತರ್ತಿದೀರಿ?"

"ಕೇಳಿದ್ಲಲ್ಲ."

ಬಿಳಿಗೂದಲಿನವಳು ಅವಳನ್ನು ಮೇಲಿಂದ ಕೆಳಗೆ ನೋಡಿ, ನಗದೆ, ಕಪಾಟಿನಿಂದ ಎರಡು ಸುರುಳಿ ತೆಗೆದು ಕೊಟ್ಟಳು. ಒಂದನ್ನು ಬಾಗಿಲ ಕೆಳಗಿನಿಂದ ಹುಡುಗಿಗೆ ತಳ್ಳಿ, ಇನ್ನೊಂದನ್ನು ಹಿಂದಿರುಗಿಸಲು ಪಿರೋಶ್ಕಾ ಮತ್ತೆ ಉಗ್ರಾಣಕ್ಕೆ ಬಂದಳು. ಬರಬೇಕಾದದ್ದೇನೂ ಇರಲಿಲ್ಲ. ಇಡೀ ಕಟ್ಟಡದಲ್ಲಿ ತನ್ನ ಹಾಗೆ ಕೆಲಸದವಳಂತೆ ಕಾಣುವವಳು ಇವಳೊಬ್ಬಳು, ಇವಳ ಉಗುರಿನ ಸಂದಿಯಲ್ಲೂ ಅಂಟು ಒಣಗಿದೆ ಎಂಬುದು ಅವಳಿಗೆ ತಾಯಿಮನೆಯ ಬಾಗಿಲು ಕಂಡಂತಾಗಿತ್ತು. "ಕೂರಿ, ಬೆವರ್ತಿದೀರಿ" ಎಂದಳು ಅವಳು. ಅಷ್ಟು ಸಾಕಾಯಿತು. ಮೂರು ತಿಂಗಳು ಹೊಟ್ಟೆಯಲ್ಲಿ ಅವುಚಿಟ್ಟದ್ದು ಒಡೆದುಕೊಂಡು ಬಂತು. ಜನವರಿಯ ಬೆಳಿಗ್ಗೆ, ತೆಳುಗಾಗದ, ರಬ್ಬರು, ಹನ್ನೆರಡು ನಿಮಿಷ, ಈಗ ಪಕ್ಕಪಕ್ಕ ಇಟ್ಟು ನೋಡುತ್ತಾರಂತೆ, ಕೈ ಬೇರೆ ಎಂದು ಗೊತ್ತಾಗುತ್ತದಂತೆ, ಹುಡುಗಿಗೆ ಏನೂ ಗೊತ್ತಿಲ್ಲ. "ನೀವು ಎಷ್ಟು ವರ್ಷದಿಂದ ಇಲ್ಲಿದೀರೋ, ಇಂಥದ್ದೆಲ್ಲ ನೋಡಿರ್ತೀರಿ. ಹೆಸರು ಬರ್ಕೋತಾರಾ? ನಿಜ ಹೇಳಿ."

"ಹೆಬ್ಬೆರಳು ಹೇಗೆ ತಪ್ಪಾಗಿತ್ತು?"

"ಆಲೂಗಡ್ಡೆ ಥರ. ಗೆಣ್ಣಿನ ಹತ್ರ ಊದ್ಕೊಂಡು ಒಂದ್ಕಡೆ ವಾಲಿತ್ತು. ಉಗುರು ನಡುವೆ ಸೀಳ್ಕೊಂಡು..." ಎನ್ನುತ್ತಾ ಪಿರೋಶ್ಕಾ ಗಾಳಿಯಲ್ಲಿ ಬರೆದು ತೋರಿಸಿದಳು, ತೋರಿಸುತ್ತಿದ್ದ ಕೈ ಅರ್ಧದಲ್ಲಿ ನಿಂತಿತು. ಬಿಳಿಗೂದಲಿನವಳ ಕಣ್ಣು ಆ ಕೈಯ ಮೇಲಿತ್ತು. ಪಿರೋಶ್ಕಾ ಕೈಯನ್ನು ಸುರುಳಿಯ ಹಿಂದೆ ತೆಗೆದುಕೊಂಡಳು. "ಮಗು ಅಲ್ವಾ. ಆತುರದಲ್ಲಿ ಬರೆದಿದಾಳೆ."

"ನಿಮ್ಮ ಕೈಯನ್ನ ನೋಡಿ ಬರೆದಿದ್ದಾ?"

"ಹೂಂ."

ಅವಳು ಸಿಗರೇಟನ್ನು ಅಂಟಿನ ಡಬ್ಬಿಯ ಮುಚ್ಚಳದಲ್ಲಿ ಹೊಸಕಿ, ಕಿಟಕಿ ಮುಚ್ಚಿದಳು. "ನಿಮ್ಮ ಮಗಳ ನಂಬರೆಷ್ಟು?"

"ಇನ್ನೂರ ಹದಿನಾಲ್ಕು" ಎಂದಳು ಪಿರೋಶ್ಕಾ, ಅರ್ಚಕನಿಗೆ ಹೆಸರು ನಕ್ಷತ್ರ ಹೇಳಿದಷ್ಟು ಭಕ್ತಿಯಿಂದ.

ಎರಡೂವರೆಗೆ ಚೆಂಗೆಯನ್ನು ಕರೆದರು. ಬಾಗಿಲವರೆಗೆ ಹೋಗಬಹುದು, ಒಳಗೆ ಇಲ್ಲ. ಮಗಳ ಅಂಗಿಯ ಕಾಲರು ಮಡಚಿಕೊಂಡಿತ್ತು, ಸರಿಮಾಡಲು ಪಿರೋಶ್ಕಾ ಕೈ ಚಾಚುವಷ್ಟರಲ್ಲಿ ಬಾಗಿಲು ತೆರೆಯಿತು. ಉದ್ದ ಮೇಜು, ಮೇಜಿನ ಹಿಂದೆ ಐದು ಜನ, ಮೇಜಿನ ಮೇಲೆ ಬಿಚ್ಚಿಟ್ಟ ಕಡತ. ನಡುವಿನ ಕುರ್ಚಿಯಲ್ಲಿ ಅದೇ ನೀಲಿ ಕೋಟು, ಅದೇ ಬಿಳಿಗೂದಲು. ಆಕೆ ತಲೆಯೆತ್ತಿ ಬಾಗಿಲ ಕಡೆ ನೋಡಿದಳು, ಪರಿಚಯ ತೋರಿಸಲಿಲ್ಲ. ಚೆಂಗೆ ಒಳಗೆ ಹೋದಳು. ಬಾಗಿಲು ಮುಚ್ಚಿತು.

ಪಿರೋಶ್ಕಾ ಒಂದು ಹೆಜ್ಜೆ ಹಿಂದೆ ಸರಿದಳು. ಗೋಡೆ ಹಿಡಿದುಕೊಂಡು ನಿಂತಳು. ಒಳಗೆ ನುಗ್ಗಿ, ಅದು ನನ್ನ ತಪ್ಪು, ಅವಳಿಗೆ ಗೊತ್ತಿಲ್ಲ ಎಂದು ಕೂಗಬೇಕು ಅನಿಸಿತು, ಆದರೆ ಅದನ್ನಾಗಲೇ ಹೇಳಿಯಾಗಿತ್ತಲ್ಲ, ಅದನ್ನು ಕೇಳಿಸಿಕೊಂಡವಳೇ ಅಲ್ಲವೇ ಈಗ ಒಳಗೆ ಕೂತಿರುವುದು. ಯಾರೂ ಕೇಳದಿದ್ದ ಮಾತು. ಹೊಟ್ಟೆ ಹಗುರ ಮಾಡಿಕೊಳ್ಳಲು ಮಗಳನ್ನು ಹಿಡಿದುಕೊಟ್ಟ ಹಾಗಾಯಿತು. ಕಾರಿಡಾರಿನ ಗಡಿಯಾರದ ಮುಳ್ಳು ಚಲಿಸದೆ ನಿಂತು, ಆಮೇಲೆ ಒಮ್ಮೆಲೇ ಒಂದು ನಿಮಿಷ ಹಾರುವ ಜಾತಿಯದು. ಕೆಲಸಕ್ಕೆ ಸೇರಿದ ಯಾವುದೋ ವರ್ಷ, ಎರಡನೆಯದೋ ಮೂರನೆಯದೋ, ಯಂತ್ರದ ಸೂಜಿ ಅವಳ ಹೆಬ್ಬೆರಳಿನ ಉಗುರು ದಾಟಿ ಅದನ್ನು ಕೆಳಗಿದ್ದ ಕೈಗವಸಿನ ಚರ್ಮಕ್ಕೆ ಹೊಲಿದುಬಿಟ್ಟಿತ್ತು. ಮೇಸ್ತ್ರಿ ಮೊದಲು ಚರ್ಮ ನೋಡಿದ್ದ, ಕಲೆಯಾಗಿದೆಯೇ ಎಂದು. ಉಗುರು ಮತ್ತೆ ಬೆಳೆಯಿತು, ಸೀಳಾಗಿಯೇ. ಗೆಣ್ಣು ಊದಿದ್ದು ಎಂದಿನಿಂದಲೋ. ಮದುವೆಯ ಫೋಟೋದಲ್ಲಿ ಹೂಗೊಂಚಲಿನ ಹಿಂದೆ ಅಡಗಿದೆ. ಮಗಳ ಹೆಸರಿಡುವ ದಿನದ ಫೋಟೋದಲ್ಲಿ ಮಗುವಿನ ಬೆನ್ನ ಹಿಂದೆ. ಗೋಡೆಗೆ ಆನಿಕೊಂಡ ಪಿರೋಶ್ಕಾ ಮುಷ್ಟಿ ಬಿಚ್ಚಿ ನೋಡಿದಳು. ಗೆಣ್ಣಿನ ಹತ್ತಿರ ಊದಿ, ಒಂದು ಕಡೆ ವಾಲಿ. ತಪ್ಪೇನೂ ಇರಲಿಲ್ಲ ಚಿತ್ರದಲ್ಲಿ. ಜನವರಿಯ ಆ ಬೆಳಿಗ್ಗೆ ತೆಳುಗಾಗದ ಎತ್ತಿದ ಕ್ಷಣವೇ ಅವಳಿಗದು ಗೊತ್ತಿತ್ತು. ಗೊತ್ತಿದ್ದೇ ರಬ್ಬರು ಎತ್ತಿಕೊಂಡಿದ್ದಳು.

ಇಪ್ಪತ್ತೈದು ನಿಮಿಷಕ್ಕೆ ಚೆಂಗೆ ಹೊರಬಂದಳು. ತಾಯಿಯ ಮುಖ ನೋಡದೆ ನೇರ ಅಂಗಳಕ್ಕೆ ನಡೆದು, ಮರಗಳ ಆಚೆ ಯಾರೂ ಇಲ್ಲದ ಕಡೆ ನಿಂತಳು. ಪಿರೋಶ್ಕಾ ಹಿಂದೆಯೇ ಹೋದಳು.

"ನೀನು ನನ್ನ ಚಿತ್ರ ಮುಟ್ಟಿದೀಯಾ?"

"ಹೂಂ."

"ಯಾವಾಗ?"

"ಕಳಿಸೋ ದಿನ. ಬೆಳಿಗ್ಗೆ."

"ಯಾಕೆ?"

"ತಪ್ಪಿದೆ ಅಂದ್ಕೊಂಡೆ."

"ತಪ್ಪಿರ್ಲಿಲ್ಲ!" ಚೆಂಗೆಯ ಕೂಗಿಗೆ ದೂರದಲ್ಲಿ ಯಾರೋ ತಿರುಗಿ ನೋಡಿದರು. ಅವಳು ದನಿ ತಗ್ಗಿಸಿದಳು. "ಮೂರು ಸಂಜೆ ನಿನ್ನ ಎದುರು ಕೂತು ನೋಡಿದೀನಮ್ಮ. ನೀನು ಕೈ ಮುಚ್ಕೋತಿದ್ದೆ, ಬಿಡಿಸೋವರೆಗೂ ಕಾದು ಕಾದು ಬರೆದಿದ್ದು. ಆ ಬಿಳಿ ಕೂದಲ ಮೇಡಂ ಬೇರೆ ಏನೂ ಕೇಳ್ಲಿಲ್ಲ. ಮೊಟ್ಟೆ ಚೀಲದ ಬಗ್ಗೆ ಕೇಳ್ಲಿಲ್ಲ, ಕಡತದಲ್ಲಿದ್ದ ಕುರ್ಚಿ ಚಿತ್ರದ ಬಗ್ಗೆ ಕೇಳ್ಲಿಲ್ಲ. ನೇರವಾಗಿ ಒಂಬತ್ತನೇದು ತೆಗೆದು, ಇದೆಲ್ಲ ನಿನ್ನದೇನಾ ಅಂದ್ರು. ಹೌದು ಅಂದೆ. ಆಮೇಲೆ ನೋಡ್ತೀನಿ, ಯಾರದೋ ಹೆಬ್ಬೆರಳು ಅಂಟ್ಕೊಂಡಿದೆ. ಅಂಗಡಿ ಕಿಟಕೀಲಿ ಕೈಗವಸು ತೊಡಿಸಿ ನಿಲ್ಲಿಸಿರೋ ಮರದ ಕೈ ಇರತ್ತಲ್ಲ, ಅದರದ್ದು."

"ಏನಂದೆ ನೀನು?"

"ಏನನ್ಲಿ? ನಮ್ಮಮ್ಮ ಅಳಿಸಿ ಬರೆದ್ಲು ಅನ್ಲಾ, ಐದು ಜನದ ಮುಂದೆ? ನಾನೇ ಬರೆದೆ ಅಂದೆ. ಇದ್ದ ಹಾಗೆ ಬರೆದಿದ್ದೆ, ಅಮ್ಮ ನೋಡಿದ್ರೆ ಬೇಜಾರು ಮಾಡ್ಕೋತಾಳೆ ಅಂತ ನಾನೇ ಚೆಂದ ಮಾಡಿದೆ ಅಂದೆ." ಅಂಗೈಯಿಂದ ಮೂಗೊರೆಸಿಕೊಂಡಳು. "ಆಯಮ್ಮ ಒಂದು ಹಾಳೆ ಕೊಟ್ಟು, ಸರಿ, ಈಗ ಇದ್ದ ಹಾಗೆ ಬರಿ ಅಂದ್ರು. ಬರೆದೆ. ಐದು ನಿಮಿಷ. ಹೋಗಬಹುದು ಅಂದ್ರು."

ಚೆಂಗೆ ತಿರುಗಿ ಮತ್ತೆ ಕಟ್ಟಡದ ಕಡೆ ನೋಡಿದಳು.

"ಹೇಗೆ ಗೊತ್ತಾಯ್ತು ಅವರಿಗೆ? ಹನ್ನೆರಡರಲ್ಲಿ ಅದನ್ನೇ ಹೇಗೆ ಎತ್ಕೊಂಡ್ರು?"

"ಅವರಿಗೆ ಕಣ್ಣಿರತ್ತಲ್ಲ" ಎಂದಳು ಪಿರೋಶ್ಕಾ. "ಅದೇ ಕೆಲಸ ಮಾಡೋರು."

ಆ ಮಾತು ಬಾಯಿಂದ ಎಷ್ಟು ಸಲೀಸಾಗಿ ಜಾರಿತೆಂದರೆ, ಆಮೇಲಿನ ಎರಡೂವರೆ ಗಂಟೆ ಅವಳು ಅದನ್ನು ಮತ್ತೆ ಮತ್ತೆ ಕೇಳಿಸಿಕೊಂಡಳು. ತಾಯಿ ಮಗಳು ಒಂದು ಬೆಂಚಿನ ಎರಡು ತುದಿಗೆ ಕೂತಿದ್ದರು. ವೆಂಡೆಲ್ ಬಂದು, "ಏನು ಯುದ್ಧಾನಾ?" ಎಂದು ಕೇಳಿ, ಡಬ್ಬಿಯನ್ನು ಇಬ್ಬರ ನಡುವೆ ಇಟ್ಟು ಹೋದ. ಯಾರೂ ಮುಟ್ಟಲಿಲ್ಲ. ಈ ಹುಡುಗಿ ನನ್ನ ಮಾನ ಉಳಿಸಲು ಸುಳ್ಳು ಹೇಳಿದಳು, ಉಳಿಸಲು ಮಾನವೇ ಉಳಿದಿರಲಿಲ್ಲ ಎಂದು ಅವಳಿಗೆ ಗೊತ್ತಿಲ್ಲ. ಅವಳು ತಲೆಯೆತ್ತಿ ಅಷ್ಟು ಚೆಂದದ ಸುಳ್ಳು ಹೇಳುವಾಗ ಮೇಜಿನ ಆಚೆ ಕೂತವಳಿಗೆ ಪ್ರತಿ ಅಕ್ಷರವೂ ಸುಳ್ಳೆಂದು ತಿಳಿದಿತ್ತು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಹೇಳದಿದ್ದರೆ ಒಳ್ಳೆಯದೇ ಅಲ್ಲವೇ? ಆ ಬೆಳಿಗ್ಗೆಯೂ ಹೀಗೇ ಅಂದುಕೊಂಡಿದ್ದಳು. ಒಳ್ಳೆಯದಕ್ಕೇ ಎಂದು.

ಐದೂವರೆಗೆ ಪಟ್ಟಿ ಹಾಕಿದರು. ಗಾಜಿನ ಪೆಟ್ಟಿಗೆಯ ಮುಂದೆ ಬೆನ್ನುಗಳ ಗೋಡೆ. ಯಾರೋ ಕಿರುಚಿದರು, ಯಾರೋ ಗುಂಪಿನಿಂದ ಬಿಡಿಸಿಕೊಂಡು ಓಡಿದರು. ಪಿರೋಶ್ಕಾ ಹಿಂದೆಯೇ ನಿಂತಳು, ನೋಡುವ ಧೈರ್ಯವಿರಲಿಲ್ಲ. ವೆಂಡೆಲ್ ಪಕ್ಕದಲ್ಲಿ ಬಂದು ನಿಂತು ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಮುಚ್ಚುತ್ತಿದ್ದ. ಅದು ಆಗಲೇ ಮುಚ್ಚಿತ್ತು. "ನಮ್ಮದಿಲ್ಲ ತಾಯಿ" ಎಂದ. "ನಾಲ್ಕನೇ ಸಲ ಬರ್ತಾಳಂತೆ. ಆವಾಗ ನಾನು ಬರೋದು ಬೇಡ್ವಂತೆ." ನಗಲು ನೋಡಿದ, ಆಗಲಿಲ್ಲ. ಅಷ್ಟರಲ್ಲಿ ಬೆನ್ನುಗಳ ಗೋಡೆ ಸೀಳಿಕೊಂಡು ಚೆಂಗೆ ಬಂದಳು, ಬಂದವಳು ತಾಯಿಯ ಕುತ್ತಿಗೆಗೆ ಬಿದ್ದಳು. "ಯೋಗ್ಯ! ಅಮ್ಮ, ಯೋಗ್ಯ ಅಂತ ಹಾಕಿದಾರೆ!" ಮುನಿಸು ಮರೆತೇಹೋಗಿತ್ತು. ಗೇಟು ದಾಟುವ ಮೊದಲೇ ಊರಲ್ಲಿರುವ ಅಜ್ಜಿಗೆ ಫೋನ್ ಹಚ್ಚಿದಳು. "ಅಜ್ಜೀ, ನಾನು ಯೋಗ್ಯಳಂತೆ!" ಅಜ್ಜಿಗೆ ಕಿವಿ ಮಂದ. "ಯಾರೇ ಅದು ಅಯೋಗ್ಯ ಅಂದೋನು?" ಎಂಬ ಕೂಗು ಫೋನಿನಿಂದ ರಸ್ತೆಗೆಲ್ಲ ಕೇಳಿಸಿತು. ಚೆಂಗೆ ಹೊಟ್ಟೆ ಹಿಡಿದು ನಕ್ಕಳು. ಪಿರೋಶ್ಕಾಳೂ ನಕ್ಕಳು, ನಗುತ್ತಲೇ ಅವಳ ಕಣ್ಣಲ್ಲಿ ನೀರು ಬಂತು, ಆ ನೀರಿಗೆ ಸಂತೋಷದ ಹೆಸರು ಸಾಕಾಗುವಂತಿತ್ತು.

ಟ್ರಾಮ್ ನಿಲ್ದಾಣದ ದಾರಿ ಇಳಿಜಾರು. ಚೆಂಗೆ ಹಿಂದುಹಿಂದಕ್ಕೆ ನಡೆಯುತ್ತಾ, ತಾಯಿಯ ಮುಖ ನೋಡುತ್ತಾ ಮಾತಾಡುತ್ತಿದ್ದಳು. "ಗೊತ್ತಾ, ಕೊನೆಗೂ ನನ್ನ ಮಾತು ನಂಬಿದ್ರು. ನಾನು ಹೇಳಿದ ರೀತಿ ಹಾಗಿತ್ತು. ಅಮ್ಮ ನೋಡಿದ್ರೆ ಬೇಜಾರಾಗ್ತಾಳೆ ಅಂದಾಗ ಆಯಮ್ಮನ ಮುಖ ನೋಡ್ಬೇಕಿತ್ತು ನೀನು. ಒಂಥರಾ ಆಗೋಯ್ತು."

ಹಾಗೇ ಬಿಟ್ಟರಾಯಿತು. ಹುಡುಗಿ ಇಷ್ಟು ಸಂತೋಷವಾಗಿರುವುದನ್ನು ಅವಳು ನೋಡಿಯೇ ಇರಲಿಲ್ಲ, ಇದರಲ್ಲಿ ಸಣ್ಣದೊಂದು ಗೆರೆ ತಪ್ಪಿದ್ದರೆ ಇರಲಿ, ಅದರ ಮೇಲೊಂದು ತೆಳುಗಾಗದ ಹೊದಿಸಿಬಿಟ್ಟರೆ ಆಯಿತು. ಪಿರೋಶ್ಕಾ ನಿಂತಳು.

"ಚೆಂಗೆ, ನಾನೇ ಹೇಳಿದ್ದೆ."

"ಏನು?"

"ಆಯಮ್ಮನಿಗೆ. ನೀನು ಒಳಗೆ ಹೋಗೋಕೆ ಮುಂಚೆ. ಉಗ್ರಾಣದಲ್ಲಿದ್ರು, ಕೆಲಸದೋರು ಅಂದ್ಕೊಂಡೆ. ಎಲ್ಲಾ ಹೇಳ್ಬಿಟ್ಟೆ, ನಿನ್ನ ನಂಬರೂ."

ಚೆಂಗೆ ಹಿಂದಕ್ಕಿಟ್ಟ ಹೆಜ್ಜೆ ಅಲ್ಲೇ ನಿಂತಿತು. ಅವಳ ಮುಖದಿಂದ ನಗು ಒಮ್ಮೆಲೇ ಹೋಗಲಿಲ್ಲ. ತುಟಿಯ ಮೇಲೆ ಅದು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಉಳಿದಿತ್ತು. "ಹಾಗಾದ್ರೆ ನಾನು ಹೇಳ್ತಿದ್ದಾಗ ಅವರಿಗೆ ಗೊತ್ತಿತ್ತು."

"ಹೂಂ."

"ಪೂರ್ತಿ ಗೊತ್ತಿತ್ತು. ನಾನು ಅಷ್ಟೊತ್ತು ನಾಟಕ ಮಾಡ್ತಿದ್ದೆ, ಅವರು ನೋಡ್ತಾ ಕೂತಿದ್ರು." ಕಿವಿಯವರೆಗೂ ಕೆಂಪಾಯಿತು. "ಮಧ್ಯಾಹ್ನ ಕೇಳಿದಾಗ ಕಣ್ಣಿರತ್ತೆ ಅಂದ್ಯಲ್ಲ."

"ಸುಳ್ಳು ಹೇಳಿದೆ."

"ಇವಾಗ್ಯಾಕೆ ಹೇಳ್ದೆ? ನಾಳೆ ಹೇಳ್ಬಹುದಿತ್ತಲ್ಲ?"

ಪಿರೋಶ್ಕಾ ಮಗಳ ಕಾಲರಿನ ಕಡೆ ಕೈ ಚಾಚಿದಳು. ಚೆಂಗೆ ತಿರುಗಿ ಸರಸರ ಇಳಿದು ಹೋದಳು. ಟ್ರಾಮ್ ಬಂದಾಗ ಮುಂದಿನ ಬಾಗಿಲಲ್ಲಿ ಹತ್ತಿದಳು. ಪಿರೋಶ್ಕಾ ಹಿಂದಿನ ಬಾಗಿಲಲ್ಲಿ ಹತ್ತಿದಳು. ಕೆಲಸ ಬಿಟ್ಟ ಹೊತ್ತು, ಜನ ತುಂಬಿದ್ದರು. ಭುಜಗಳ ಸಂದಿಯಲ್ಲಿ ಮಗಳ ಮಡಚಿಕೊಂಡ ಕಾಲರು ಮಾತ್ರ ಕಾಣುತ್ತಿತ್ತು. ತಾನು ಹೇಳಿದ್ದು ಸರಿಯೋ, ಇದೂ ಬರಿ ಹೊಟ್ಟೆ ಹಗುರ ಮಾಡಿಕೊಂಡದ್ದೋ ಎಂದು ಅವಳಿಗೆ ತಿಳಿಯಲಿಲ್ಲ, ಹಗುರವಂತೂ ಆಗಿರಲಿಲ್ಲ. ಎರಡು ನಿಲ್ದಾಣ ಕಳೆದವು. ಮೂರನೆಯದರಲ್ಲಿ ಬಹಳ ಜನ ಇಳಿದರು. ಚೆಂಗೆ ಕಂಬದಿಂದ ಕಂಬಕ್ಕೆ ಕೈ ಬದಲಿಸುತ್ತಾ ಹಿಂದೆ ಬಂದು, ಒಂದು ಮಾರು ದೂರದಲ್ಲಿ, ಕಿಟಕಿಯ ಕಡೆ ಮುಖ ಮಾಡಿ ನಿಂತಳು.

"ಸೆಪ್ಟೆಂಬರಿಂದ ನನಗೆ ಇಲ್ಲೇ ಹಾಸ್ಟೆಲಲ್ಲಿ ಕೋಣೆ ಇರತ್ತೆ" ಎಂದಳು ಕಿಟಕಿಗೆ. "ಅಲ್ಲಿಗೆ ನೀನು ಬರಬೇಡ."

"ಹೂಂ."

ಟ್ರಾಮ್ ಸೇತುವೆಯ ಮೇಲೆ ಹತ್ತಿತು. ಕೆಳಗೆ ಡಾನ್ಯೂಬ್ ನದಿ, ಅದರ ಮೇಲೊಂದು ಮರಳು ತುಂಬಿದ ದೋಣಿ ನಿಂತಲ್ಲೇ ನಿಂತಂತೆ ಸಾಗುತ್ತಿತ್ತು. ಸೇತುವೆ ಮುಗಿಯಿತು. ಇನ್ನೊಂದು ನಿಲ್ದಾಣ ಬಂತು, ಬಾಗಿಲು ತೆರೆದು ಮುಚ್ಚಿತು.

"ಬಂದ್ರೂ" ಎಂದಳು ಚೆಂಗೆ, ಇನ್ನೂ ತಿರುಗದೆ, "ಮೊದಲು ಫೋನ್ ಮಾಡಿ ಬಾ."

"ಮಾಡಿ ಬರ್ತೀನಿ" ಎಂದಳು ಪಿರೋಶ್ಕಾ.